ಯಂತ್ರದೊಂದಿಗೆ ವಿದ್ಯೆಯನ್ನೂ ಕೊಡೋಣ

ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಹಳೆ ವಿದ್ಯಾರ್ಥಿಗಳು ತಾವು ಬಳಸಿದ ಕಂಪ್ಯೂಟರುಗಳನ್ನು ಶಾಲೆಗೆ ನೀಡಲು ಮುಂದಾಗುತ್ತಿರುವುದು ಸಂತೋಷದ ಸಂಗತಿ. ಆದರೆ ಯಂತ್ರವನ್ನು ತಂದಿಳಿಸಿದಷ್ಟಕ್ಕೆ ನಮ್ಮ ಕರ್ತವ್ಯ ಮುಗಿಯದೆಂಬುದು ನನ್ನ ಖಚಿತ ಅಭಿಪ್ರಾಯ.

ಕೇರಳದ ಶಾಲೆಗಳಲ್ಲಿ ಲಿನಕ್ಸ್ ಬಳಕೆಯೇ ರೂಢಿ. ರಾಜ್ಯದ 'ಕೈಟ್' ಸಂಸ್ಥೆ ಉಬುಂಟು ಆಧಾರಿತ ವ್ಯವಸ್ಥೆಯೊಂದನ್ನು ಒದಗಿಸುತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ದಾನವಾಗಿ ಬಂದ ಯಂತ್ರಗಳಲ್ಲಾದರೋ ಒಂದೊಂದರಲ್ಲಿ ಒಂದೊಂದು ಬಗೆಯ ಗ್ರಾಫಿಕ್ಸ್ ಚಿಪ್. ಲಿನಕ್ಸ್ ತುಂಬಿದ ಮೇಲೆ ಕೆಲವದರಲ್ಲಿ ಚಿತ್ರ ತೆವಳುತ್ತದೆ, ವೀಡಿಯೊ ತಡವರಿಸುತ್ತದೆ. 'ಮುದಿಯಾಯಿತು' ಎಂಬ ತೀರ್ಪಿನೊಂದಿಗೆ ಯಂತ್ರ ಮೂಲೆ ಸೇರುವುದನ್ನು ನಾನು ಕಂಡಿದ್ದೇನೆ. ಅನೇಕ ವೇಳೆ ದೋಷ ಯಂತ್ರದ ವಯಸ್ಸಿನದಲ್ಲ, ಇಲ್ಲದ ಡ್ರೈವರಿನದು.

ಚಿತ್ರ ಬಿಡಿಸಬೇಕೆಂಬ ತಂತ್ರಾಂಶದ ಬೇಡಿಕೆಯನ್ನು ಚಿಪ್ಪಿಗೆ ತಿಳಿಯುವಂತೆ ಬದಲಿಸುವುದು ಗ್ರಾಫಿಕ್ಸ್ ಲೈಬ್ರರಿ. ಬ್ರಯನ್ ಪಾಲ್ 1993ರಲ್ಲಿ ಆರಂಭಿಸಿದ 'ಮೇಸಾ' ಅಂಥದೊಂದು. ಅದನ್ನು ಚಿಪ್ಪಿಗೆ ಮುಟ್ಟಿಸುವುದು ಕರ್ನೆಲಿನ ಡ್ರೈವರ್. ಡ್ರೈವರ್ ಇಲ್ಲದಿದ್ದರೆ ಆ ಕೆಲಸವೆಲ್ಲ ಮುಖ್ಯ ಪ್ರೊಸೆಸರಿನ ತಲೆಗೆ. ಚೆಂಡೆಯವರು ಬಾರದ ಇರುಳು ಭಾಗವತರೇ ಪದ ಹಾಡುತ್ತ ಚೆಂಡೆಯನ್ನೂ ಬಾರಿಸಬೇಕಾದರೆ ಆಟ ಹೇಗೆ ಸಾಗೀತು?

ಪತ್ತೆ ಮಾಡುವುದು ಕಷ್ಟವಲ್ಲ. ಉಬುಂಟುವಿನ ಸೆಟ್ಟಿಂಗ್ಸ್‌ನಲ್ಲಿ ಯಂತ್ರದ ವಿವರ ನೀಡುವ ಪುಟವಿದೆ. ಗ್ರಾಫಿಕ್ಸ್ ಎಂಬುದರ ಮುಂದೆ 'ಎಲ್‌ಎಲ್‌ವಿಎಂಪೈಪ್' ಎಂದಿದ್ದರೆ ಚಿಪ್ ಸುಮ್ಮನೆ ಕುಳಿತಿದೆ ಎಂದೇ ಅರ್ಥ. ಇಂಟೆಲ್, ಎಎಂಡಿ ಚಿಪ್ಪುಗಳಿಗೆ ಬೇಕಾದುದು ಸಾಮಾನ್ಯವಾಗಿ ಕರ್ನೆಲ್ ಮತ್ತು ಮೇಸಾಗಳಲ್ಲೇ ಇರುತ್ತದೆ. ವ್ಯವಸ್ಥೆಯನ್ನು ಅಪ್‌ಡೇಟ್ ಮಾಡಿದರೆ ಬಹುಮಟ್ಟಿಗೆ ಸಾಕು. ಎನ್‌ವಿಡಿಯಾ ಚಿಪ್ಪಿಗೆ 'ಅಡಿಷನಲ್ ಡ್ರೈವರ್ಸ್' ತೆರೆದು, ಅದು ಶಿಫಾರಸು ಮಾಡಿದ್ದನ್ನೇ ಆರಿಸಬೇಕು. ಸೆಕ್ಯೂರ್ ಬೂಟ್ ಇದ್ದಲ್ಲಿ ಗುಪ್ತಪದವೊಂದನ್ನು ಇಟ್ಟುಕೊಳ್ಳಲು ಕೇಳುತ್ತದೆ; ಮರುಪ್ರಾರಂಭದಲ್ಲಿ ಅದನ್ನು ನೀಡದೆ ದಾಟಿದರೆ ಡ್ರೈವರ್ ಕೆಲಸ ಮಾಡದು. ಅಂತರಜಾಲದಲ್ಲಿ ಸಿಕ್ಕಿದ ಕಡತವನ್ನು ತಂದು ತುಂಬುವ ಆತುರ ಸಲ್ಲದು. ಮುಂದೊಂದು ದಿನ ಕರ್ನೆಲ್ ಬದಲಾದಾಗ ಪರದೆ ಕಪ್ಪಾಗಬಹುದು. ಉಬುಂಟುವಿನ ಸ್ವಂತ ಭಂಡಾರದಿಂದ ಪಡೆದರೆ ಆ ಹೊಂದಾಣಿಕೆಯ ಹೊಣೆಯನ್ನು ವ್ಯವಸ್ಥೆಯೇ ಹೊರುತ್ತದೆ.

ಇದು ರಿಪೇರಿಯವರ ಕೆಲಸ, ಶಾಲೆಗೇಕೆ ಎಂದು ಕೆಲವರು ಕೇಳಬಹುದು. ಪಠ್ಯಪುಸ್ತಕ ಕನ್ನಡದಲ್ಲಿದ್ದರೂ ಯಂತ್ರ ಮುಷ್ಕರ ಹೂಡಿದಾಗ ಪರದೆಯಲ್ಲಿ ಮೂಡುವ ಮಾತು ಇಂಗ್ಲಿಷಿನದು. ಅದರ ಮುಂದೆ ನಮ್ಮ ಮಗು 'ಇದು ನನ್ನ ಭಾಷೆಯವರಿಗಲ್ಲ' ಎಂದು ಹಿಂಜರಿದರೆ ನಷ್ಟ ಒಂದು ಯಂತ್ರದ್ದಷ್ಟೇ ಅಲ್ಲ. ಗಡಿನಾಡಿನಲ್ಲಿ ಕನ್ನಡ ಉಳಿಯಬೇಕಾದುದು ಕವಿತೆಯಲ್ಲಿ ಮಾತ್ರವಲ್ಲ, ಕೈಗೆಲಸದಲ್ಲಿಯೂ ಹೌದು.

ಆದುದರಿಂದ ನನ್ನ ಸೂಚನೆ ಇಷ್ಟು. ಯಂತ್ರ ಕೊಡುವ ಪ್ರತಿಯೊಬ್ಬರೂ ಅದರೊಂದಿಗೆ ಕನ್ನಡದಲ್ಲಿ ಬರೆದ ಒಂದು ನೋಟುಪುಸ್ತಕವನ್ನೂ ಕೊಡಲಿ: ಚಿಪ್ ಯಾವುದು, ಯಾವ ಡ್ರೈವರನ್ನು ಎಂದು ಹಾಕಲಾಯಿತು, ಕೆಟ್ಟರೆ ಮೊದಲು ಏನನ್ನು ನೋಡಬೇಕು. ಬಲ್ಲವರು ಎರಡು ಶನಿವಾರ ಬಂದು ಎಂಟನೆಯ ತರಗತಿಯ ಮಕ್ಕಳ ಕೈಯಿಂದಲೇ ಈ ಕೆಲಸ ಮಾಡಿಸಲಿ. ಆ ಮಕ್ಕಳು ಮುಂದಿನವರಿಗೆ ಕಲಿಸುವರು. ಯಂತ್ರ ಹತ್ತು ವರ್ಷ ಬಾಳೀತು. ಕನ್ನಡದಲ್ಲಿ ಕಲಿತ ವಿದ್ಯೆ ಶಾಲೆಯ ಶತಮಾನೋತ್ಸವದವರೆಗೂ ಬಾಳಲಿ ಎಂಬುದೇ ನನ್ನ ಹಾರೈಕೆ.