ಡಂಗುರ ಹೊಡೆಯಲು ದುಡ್ಡಿಲ್ಲ, ಹೆಣ ಎತ್ತಲು ಕೋಟಿ ಕೋಟಿ!

ಕನ್ನಡದ ಹುಡುಗರೇ, ನಾನು ಭಾಷಣಕಾರನಲ್ಲ. ಪಿಯುಸಿಗೇ ಓದು ಬಿಟ್ಟು ಮೊಳೆ ಜೋಡಿಸಲು ಕೂತವನು. ಈಗ ಒಂದು ಆಫ್‌ಸೆಟ್ ಮಿಷನ್ ಇಟ್ಟುಕೊಂಡು ಲಗ್ನಪತ್ರಿಕೆ, ಬಿಲ್ ಬುಕ್ಕು, ಹೋರಾಟದ ಕರಪತ್ರ ಅಚ್ಚು ಹಾಕಿ ಬದುಕುತ್ತಿದ್ದೇನೆ. ನನ್ನ ಕೈಯಿಂದಲೇ ಅಚ್ಚಾದ ಒಂದು ಕಾಗದದ ಕಥೆಯಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಇಲಾಖೆಯಿಂದ ಕೆಲಸ ಬಂತು. ಪ್ರವಾಹ ಬಂದರೆ, ಗುಡ್ಡ ಕುಸಿದರೆ ಜನ ಏನು ಮಾಡಬೇಕು ಎನ್ನುವ ಕರಪತ್ರ. ಐದು ಸಾವಿರ ಪ್ರತಿ, ನಾಲ್ಕು ಬಣ್ಣ, ಆರ್ಟ್ ಪೇಪರ್. ಬಂದಿದ್ದು ಯಾವಾಗ? ಮಾರ್ಚ್ ಕೊನೆಯ ವಾರ! ಹಣ ವಾಪಸ್ ಹೋಗಿಬಿಡುತ್ತದೆ, ಮೂವತ್ತೊಂದರೊಳಗೆ ಬಿಲ್ ಬೇಕು ಎಂದರು. ಒಕ್ಕಣೆ ಓದಿ ತಲೆ ಕೆಟ್ಟಿತು. ‘ಸಂತ್ರಸ್ತರಾಗಬಹುದಾದ ಸಾರ್ವಜನಿಕರು ತಗ್ಗು ಪ್ರದೇಶಗಳಿಂದ ಸ್ಥಳಾಂತರಿಸಲ್ಪಡತಕ್ಕದ್ದು’! ಇದು ಯಾರಪ್ಪನ ಮನೆಯ ಕನ್ನಡ? ‘ಹೊಳೆ ಏರುತ್ತಿದೆ, ಮನೆ ಬಿಟ್ಟು ಶಾಲೆಗೆ ಹೋಗಿ’ ಎಂದು ಹಾಕೋಣ ಸ್ವಾಮಿ ಎಂದೆ. ‘ಅಪ್ರೂವ್ ಆಗಿರುವ ಮ್ಯಾಟರ್ರು, ಒಂದಕ್ಷರ ಮುಟ್ಟಬೇಡಿ’ ಎಂದರು. ಅಚ್ಚು ಹಾಕಿದೆ. ದುಡ್ಡೂ ತೆಗೆದುಕೊಂಡೆ, ಸುಳ್ಳೇಕೆ ಹೇಳಲಿ. ಮಳೆಗಾಲ ಮುಗಿದ ಮೇಲೆ ಬೇರೆ ಬಿಲ್ಲಿಗಾಗಿ ಅದೇ ಕಚೇರಿಗೆ ಹೋದರೆ, ನಾನು ಕಟ್ಟಿಕೊಟ್ಟ ಬಂಡಲ್ಲುಗಳು ಹುರಿ ಕೂಡ ಬಿಚ್ಚದೆ ಮೂಲೆಯಲ್ಲಿ ಕೂತಿದ್ದವು. ಮೇಲೆ ಟೀ ಲೋಟ ಇಟ್ಟ ಗುರುತು.

ಆ ಗುಮಾಸ್ತನನ್ನು ಬೈದು ಏನು ಪ್ರಯೋಜನ? ಹಣ ಹಂಚುವ ಲೆಕ್ಕವೇ ಹಾಗಿದೆ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಐದು ವರ್ಷಕ್ಕೆ ರಾಜ್ಯಗಳ ವಿಕೋಪ ನಿಧಿಗೆಂದು 1,60,153 ಕೋಟಿ ರೂಪಾಯಿ ಗೊತ್ತುಮಾಡಿತು. ಅದನ್ನು ಹಂಚಿದ ಲೆಕ್ಕ ಕೇಳಿ. ನೂರು ರೂಪಾಯಿಯಲ್ಲಿ ನಲವತ್ತು ಪರಿಹಾರಕ್ಕೆ, ಮೂವತ್ತು ಬಿದ್ದಿದ್ದನ್ನು ಮತ್ತೆ ಕಟ್ಟುವುದಕ್ಕೆ, ಇಪ್ಪತ್ತು ಅಪಾಯ ತಗ್ಗಿಸುವ ಕೆಲಸಕ್ಕೆ, ಮುಂಚಿತ ಸಿದ್ಧತೆಗೆ ಹತ್ತು. ಅಂದರೆ ಎಪ್ಪತ್ತು ರೂಪಾಯಿ ಮನೆ ಬಿದ್ದ ಮೇಲೆ, ಹೆಣ ಬಿದ್ದ ಮೇಲೆ! ಸತ್ತವನಿಗೆ 4 ಲಕ್ಷ ಎಂದು ನಿಯಮದಲ್ಲೇ ಬರೆದಿದೆ. ಸಾಯದಂತೆ ಒಂದು ಮಾತು ಕೂಗಿ ಹೇಳುವವನಿಗೆ ಎಷ್ಟು ಎಂದು ಎಲ್ಲಿ ಬರೆದಿದೆ, ತೋರಿಸಿ.

ಕರ್ನಾಟಕಕ್ಕೆ ಬುದ್ಧಿ ಇಲ್ಲವೆಂದು ಯಾರೂ ಹೇಳುವಂತಿಲ್ಲ. 1988ರಲ್ಲೇ ಬರ ಉಸ್ತುವಾರಿ ಕೋಶ ಕಟ್ಟಿದ ನಾಡು ಇದು. ಅದೇ ಬೆಳೆದು ಇವತ್ತು ಯಲಹಂಕದಲ್ಲಿ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕ, ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ. ಫೋನ್ ಮಾಡಿದರೆ ಕನ್ನಡದಲ್ಲಿ ಹೇಳುವ ‘ವರುಣಮಿತ್ರ’, ಸಿಡಿಲಿಗೆ ‘ಸಿಡಿಲು’ ಎಂದೇ ಹೆಸರಿಟ್ಟ ಆಪ್. ಇದಕ್ಕೆ ಶಹಬ್ಬಾಸ್ ಎನ್ನಲೇಬೇಕು. ಕಣ್ಣು ಇದೆ, ಕಿವಿ ಇದೆ. ಇಲ್ಲದಿರುವುದು ಬಾಯಿ! ಆ ಪಂಚಾಯಿತಿಯ ಮಳೆ ಯಲಹಂಕದ ಪರದೆಯ ಮೇಲೆ ಕಾಣುತ್ತದೆ, ಅದೇ ಪಂಚಾಯಿತಿಯ ಗುಡ್ಡದ ಬುಡದಲ್ಲಿ ಮಲಗಿದವನಿಗೆ ಗೊತ್ತಾಗುವುದಿಲ್ಲ. ಮಲೆನಾಡಿನಲ್ಲಿ ಮಳೆ ಜೋರಾದರೆ ಮೊದಲು ಹೋಗುವುದು ಕರೆಂಟು, ಅದರ ಹಿಂದೆ ಟವರ್ರು. ಆಗ ಆಪ್ ಯಾವ ಬೆಂಕಿಗೆ?

ಅಂಕೋಲಾದ ಶಿರೂರು ನೆನಪಿದೆಯೇ? 2024ರ ಜುಲೈ 16. ಆ ದಿನಗಳಲ್ಲಿ ಕರಾವಳಿಗೆ ಭಾರೀ ಮಳೆಯ ಮುನ್ಸೂಚನೆ ಇದ್ದೇ ಇತ್ತು. ಹೆದ್ದಾರಿ ಅಗಲ ಮಾಡಲು ಬುಡ ಕಡಿದ ಗುಡ್ಡ, ಅದರ ಕೆಳಗೆ ಚಹಾ ಅಂಗಡಿ, ಪಕ್ಕದಲ್ಲಿ ನಿಲ್ಲಿಸಿದ ಲಾರಿಗಳು. ಗುಡ್ಡ ಕುಸಿದು ಅಂಗಡಿಯ ಸಂಸಾರವೇ ಹೋಯಿತು. ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ನೀರು ಆಚೆ ದಡದ ಉಳುವರೆಯ ಮನೆಗಳ ಮೇಲೆ ನುಗ್ಗಿತು. ಕೇರಳದ ಚಾಲಕನ ಲಾರಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಎರಡು ತಿಂಗಳು ನೌಕಾಪಡೆ, ಮುಳುಗುಗಾರರು, ಡ್ರೆಜ್ಜರ್ರು, ಟಿವಿ ಕ್ಯಾಮೆರಾ! ಹುಡುಕಿದ್ದು ತಪ್ಪಲ್ಲ, ಹುಡುಕಲೇಬೇಕಿತ್ತು. ಆದರೆ ಆ ಗುಡ್ಡದ ಮುಂದೆ ‘ಮಳೆ ಹಿಡಿದರೆ ಇಲ್ಲಿ ಗಾಡಿ ನಿಲ್ಲಿಸಬೇಡಿ’ ಎಂದು ಕೈ ಅಡ್ಡ ಹಿಡಿಯಲು ಒಬ್ಬನನ್ನು ನಿಲ್ಲಿಸಿದ್ದರೆ ಮಳೆಗಾಲ ಪೂರ್ತಿ ಅವನ ಸಂಬಳ ಎಷ್ಟಾಗುತ್ತಿತ್ತು? ಡ್ರೆಜ್ಜರ್ರಿನ ಒಂದು ದಿನದ ಬಾಡಿಗೆಯಷ್ಟೂ ಆಗುತ್ತಿರಲಿಲ್ಲ ಎಂದು ಪಂಥ ಕಟ್ಟುತ್ತೇನೆ.

ಇನ್ನು ಎಚ್ಚರಿಕೆಯ ಭಾಷೆ. ಯೆಲ್ಲೋ ಅಲರ್ಟ್, ಆರೆಂಜ್ ಅಲರ್ಟ್, ರೆಡ್ ಅಲರ್ಟ್. ನನ್ನ ಪ್ರೆಸ್ಸಿನಲ್ಲಿ ಹಳದಿ ಶಾಯಿಗೆ ಅರ್ಧ ಮೆಜೆಂಟಾ ಸೇರಿಸಿದರೆ ಕಿತ್ತಳೆ, ಪೂರ್ತಿ ಸೇರಿಸಿದರೆ ಕೆಂಪು. ನನಗೆ ಗೊತ್ತು. ಮಕ್ಕಂದೂರಿನ ತೋಟದ ಕೂಲಿಯವಳಿಗೆ ಗೊತ್ತಿರಬೇಕೇ? ಹವಾಮಾನ ಇಲಾಖೆಯ ಲೆಕ್ಕದಲ್ಲಿ ಹಳದಿ ಎಂದರೆ ಗಮನ ಇಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಈಗಲೇ ಏನಾದರೂ ಮಾಡಿ. ಈ ಮೂರು ಮಾತನ್ನೇ ನೆಟ್ಟಗೆ ಕನ್ನಡದಲ್ಲಿ ಹೇಳಿದರೆ ಯಾರ ಗಂಟು ಹೋಗುತ್ತದೆ? ಕೊಡಗಿನಲ್ಲಿ ಕೊಡವ ಭಾಷೆಯಲ್ಲಿ, ಮಂಗಳೂರಿನಲ್ಲಿ ತುಳುವಿನಲ್ಲೂ ಹೇಳಲಿ. ಹೊರಗಿನಿಂದ ಬಂದವರ ಭಾಷೆಯಲ್ಲಿ ಬೇಡವೆಂದು ನಾನು ಹೇಳುತ್ತಿಲ್ಲ. ಶಿರೂರಿನಲ್ಲಿ ಹೋದ ಆ ಲಾರಿ ಚಾಲಕನೂ ಒಬ್ಬ ತಾಯಿಯ ಮಗನೇ. ಆದರೆ ಈ ನೆಲದಲ್ಲಿ ಮೊದಲ ಕೂಗು ಈ ನೆಲದ ಮಾತಿನಲ್ಲಿ ಬರಬೇಕು.

2023ರ ಡಿಸೆಂಬರಿನಲ್ಲಿ ಅಂಗಡಿ ಬೋರ್ಡುಗಳಲ್ಲಿ ನೂರಕ್ಕೆ ಅರವತ್ತು ಕನ್ನಡ ಬೇಕೆಂದು ನಮ್ಮ ಹುಡುಗರು ಬೀದಿಗಿಳಿದರು. ಸರಿಯಾಗೇ ಇತ್ತು, ಆ ಕರಪತ್ರಗಳಲ್ಲಿ ಕೆಲವು ನಮ್ಮ ಪ್ರೆಸ್ಸಿನವೇ. ಈಗ ಕೇಳುತ್ತೇನೆ, ಜೀವ ಉಳಿಸುವ ಬೋರ್ಡಿನಲ್ಲಿ ನೂರಕ್ಕೆ ಎಷ್ಟು? ಬೋರ್ಡೇ ಇಲ್ಲದ ಕಡೆ ಯಾರಿಗೆ ಮಸಿ ಬಳಿಯುತ್ತೀರಿ?

ಆಗದ ಕೆಲಸವೇ ಇದು? ಒಡಿಶಾ ನೋಡಿ. 1999ರ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸಾಗಿಸಿದರು, ಸತ್ತವರ ಸಂಖ್ಯೆ ಐವತ್ತು ಮುಟ್ಟಲಿಲ್ಲ. 2018ರಲ್ಲಿ ಕಡಲ ದಂಡೆಯ 122 ಕಡೆ ಸೈರನ್ ಗೋಪುರ ನಿಲ್ಲಿಸಿದರು. ಬಡ ರಾಜ್ಯ ಎಂದು ನಾವು ಮೂಗು ಮುರಿಯುತ್ತಿದ್ದ ಒಡಿಶಾ! ನಮ್ಮ ತೆರಿಗೆ ಎಷ್ಟು, ವಾಪಸ್ ಬರುವುದೆಷ್ಟು ಎಂಬ ಜಗಳ ದೆಹಲಿಯ ಜೊತೆ ಆಡಲೇಬೇಕು. ಬರಪರಿಹಾರಕ್ಕೆ 2024ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ತಾನೇ 3,454 ಕೋಟಿ ಬಂತು, ಕೇಳಿದ್ದು 18 ಸಾವಿರ ಕೋಟಿಗೂ ಮೇಲೆ. ಆದರೆ ವಿಧಾನಸೌಧಕ್ಕೂ ಇದೇ ನೆಪ ಆಗಬಾರದು. ಬೆಂಗಳೂರಿನಲ್ಲಿ ಕಸದ ಆಟೋಗೆ ಮೈಕ್ ಕಟ್ಟಿ ಬೆಳಗಾದರೆ ಹಾಡು ಹಾಕಲು ದುಡ್ಡಿದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತ ಜನರನ್ನು ಟ್ರ್ಯಾಕ್ಟರಿನಲ್ಲಿ ಎತ್ತಿ ಸಾಗಿಸಬೇಕಾಯಿತು. ರಾಜಕಾಲುವೆ ತುಂಬುತ್ತಿದ್ದ ಆ ರಾತ್ರಿಗೂ ಒಂದು ಮೈಕ್ ಬೇಡವಾಗಿತ್ತೇ?

ಬೇಕಾಗಿರುವುದು ಮಾರ್ಚ್ ಕೊನೆಯ ಹಣವಲ್ಲ. ಮಿಷನ್ ಕೊಳ್ಳುವುದು ಸುಲಭ ಎಂದು ಯಾವ ಪ್ರೆಸ್ಸಿನವನಾದರೂ ಹೇಳುತ್ತಾನೆ, ಸಾಲ ಸಿಗುತ್ತದೆ. ಮೂರನೇ ವರ್ಷ ರೋಲರ್ ಸವೆದಾಗ ಗೊತ್ತಾಗುತ್ತದೆ. ಮಳೆಮಾಪಕಕ್ಕೂ ಸೈರನ್ನಿಗೂ ಅಷ್ಟೇ. ಪ್ರತಿ ಪಂಚಾಯಿತಿ, ಪ್ರತಿ ವಾರ್ಡಿನ ಬಜೆಟ್ಟಿನಲ್ಲಿ ಎಚ್ಚರಿಕೆಗೆಂದೇ ಒಂದು ಸಾಲು ಬೇಕು. ಮೈಕಿಗೆ, ಬ್ಯಾಟರಿಗೆ, ರಿಪೇರಿಗೆ, ಕೂಗುವವನ ಸಂಬಳಕ್ಕೆ ವರ್ಷ ವರ್ಷವೂ ಬರಬೇಕು, ಮೇ ತಿಂಗಳೊಳಗೆ ಬರಬೇಕು.

ಮಾಹಿತಿ ಹಕ್ಕಿನ ಒಂದು ಅರ್ಜಿ ಅಚ್ಚು ಹಾಕಿ ಇಟ್ಟಿದ್ದೇನೆ. ಒಂದೇ ಪುಟ, ಮೂರೇ ಪ್ರಶ್ನೆ. ನಮ್ಮ ವಾರ್ಡಿನಲ್ಲಿ, ನಮ್ಮ ಪಂಚಾಯಿತಿಯಲ್ಲಿ ಎಚ್ಚರಿಕೆಗೆ ಕಳೆದ ವರ್ಷ ಎಷ್ಟು ಹಣ ಬಂತು? ಯಾವ ತಿಂಗಳು ಖರ್ಚಾಯಿತು? ಎಚ್ಚರಿಕೆ ಯಾವ ಭಾಷೆಯಲ್ಲಿತ್ತು, ಪ್ರತಿ ಕೊಡಿ. ಊರಿಗೆ ಹೋಗುವಾಗ ನಾಲ್ಕು ಕಟ್ಟು ಒಯ್ಯಿರಿ, ಕಾಗದದ ದುಡ್ಡೂ ಬೇಡ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಮಾತ್ರ ನಿಮ್ಮದು.