ಬೆಳಗಿನ ತಲೆನೋವನ್ನು ಬಿಸಿಲಿನ ತಲೆಗೆ ಕಟ್ಟಬೇಡಿ

ದತ್ತ ಜಯಂತಿ ಜಾತ್ರೆಗೆ ಮಾಣಿಕನಗರಕ್ಕೆ ಹೋದಾಗ, ಪ್ರಭು ಮಂದಿರದ ಹತ್ತಿರ ಮಗನ ಗಾಲಿಕುರ್ಚಿ ತಳ್ಳುತ್ತಿದ್ದ ತಾಯಿಯೊಬ್ಬರು ಮಾತಿಗೆ ಸಿಕ್ಕರು. ಹುಡುಗನಿಗೆ ಹದಿನಾರು, ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ. ಕಾಲಿನ ಬಗ್ಗೆ ಅರ್ಧ ಗಂಟೆ ಹೇಳಿದರು. ಹೊರಡುವಾಗ, "ಮುಂಜಾನೆ ಎದ್ದ ಕೂಡ್ಲೆ ತಲಿ ನೋವು ಅಂತಾನ್ರಿ, ರಾತ್ರಿ ಹತ್ತು ಸಲ ಎಬ್ಬಸ್ತಾನ. ಬಿಸಿಲಿಗೆ ಇರಬೇಕು" ಅಂದರು. ಡಿಸೆಂಬರ್‌ನಲ್ಲಿ ಎಂಥ ಬಿಸಿಲು!

ನನಗಂತೂ ಮುಖ್ಯ ಅನಿಸಿದ್ದು ಆ ಕೊನೆಯ ಮಾತೇ. ಈ ಕಾಯಿಲೆಯಲ್ಲಿ ಕೈಕಾಲಿನಂತೆ ವಪೆ, ಎದೆಯ ಸ್ನಾಯುಗಳೂ ಸೋಲುತ್ತವೆ. ಅದು ಮೊದಲು ಗೊತ್ತಾಗುವುದು ನಿದ್ದೆಯಲ್ಲಿ. ಉಸಿರು ಮೇಲುಮೇಲೆ ಆಡಿ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಉಳಿಯುತ್ತದೆ. ಬೆಳಗಿನ ತಲೆನೋವು, ಹಗಲಿನ ತೂಕಡಿಕೆ ಅದರಿಂದಲೂ ಇರಬಹುದು. ಏದುಸಿರು ಬರಲಿ ನೋಡೋಣ ಅಂತ ಕಾಯಬೇಡಿ. ಓಡಾಡದ ಹುಡುಗನಿಗೆ ಏದುಸಿರು ಎಲ್ಲಿಂದ ಬರಬೇಕು?

ಗಾಲಿಕುರ್ಚಿಗೆ ಬಂದ ಮೇಲೆ ಆರು ತಿಂಗಳಿಗೊಮ್ಮೆ ಶ್ವಾಸಕೋಶದ ಊದುವ ಪರೀಕ್ಷೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಸ್ನಾಯು ರೋಗಗಳಿಗೆ ಪ್ರತ್ಯೇಕ ಕ್ಲಿನಿಕ್ ಇದೆ. ಅಷ್ಟು ದೂರ ಹೋಗುವ ಮುನ್ನ ಬೀದರ್, ಕಲಬುರಗಿಯ ಎದೆರೋಗ ತಜ್ಞರನ್ನು ಕೇಳಬಹುದು. ಅಗತ್ಯ ಬಿದ್ದರೆ ರಾತ್ರಿ ಮಾಸ್ಕ್ ಹಾಕಿಕೊಳ್ಳುವ ಬೈಪ್ಯಾಪ್ ಯಂತ್ರ ಹೇಳುತ್ತಾರೆ. "ಮಷಿನ್ ಬಂತಂದ್ರ ಮುಗೀತು" ಅಂತ ಅಳುವವರನ್ನು ನೋಡಿದ್ದೇನೆ. ನಿಜ ಉಲ್ಟಾ, ಇದರಿಂದ ಆಯಸ್ಸಿಗೆ ವರ್ಷಗಳೇ ಸೇರುತ್ತವೆ. ಕರೆಂಟಿನ ಭರವಸೆ ಇಲ್ಲದ ಊರಲ್ಲಿ ಇನ್ವರ್ಟರ್ ಲೆಕ್ಕವನ್ನೂ ಜತೆಗೇ ಹಾಕಿಕೊಳ್ಳಿ.

ಬರೀ ಆಕ್ಸಿಜನ್ ಸಿಲಿಂಡರ್ ತಂದಿಟ್ಟರೆ ಸಾಕು ಅನ್ನುವವರ ಮಾತು ಕೇಳಬೇಡಿ. ಬೆರಳಿನ ಮೀಟರ್ ಚೆನ್ನಾಗೇ ತೋರಿಸುತ್ತಿರುತ್ತದೆ, ಒಳಗೆ ಕಾರ್ಬನ್ ಡೈಆಕ್ಸೈಡ್ ಏರುತ್ತಲೇ ಇರುತ್ತದೆ. ತುರ್ತಾಗಿ ಆಸ್ಪತ್ರೆಗೆ ಓಡುವಾಗ ಮಗನ ಕಾಯಿಲೆಯ ಹೆಸರು ಬರೆದ ಚೀಟಿ, ಬೈಪ್ಯಾಪ್ ಎರಡೂ ಕೈಯಲ್ಲಿರಲಿ. ನೆಗಡಿಯಾದಾಗ ಕಫ ಹೊರಗೆ ಬರಲು ಕೆಮ್ಮಿಗೆ ಬಲ ಬೇಕು. ಆಂಬು ಬ್ಯಾಗ್‌ನಿಂದ ಎದೆ ತುಂಬಿಸಿ ಕೆಮ್ಮಿಸುವುದನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಮೊದಲೇ ಕಲಿತಿರಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ಕಾಯಿಲೆಯ ಹೆಸರು ಸ್ಪಷ್ಟವಾಗಿದೆ. ಗಾಲಿಕುರ್ಚಿಗೆ ಅರ್ಜಿ ಬರೆಸುವ ಹುಮ್ಮಸ್ಸು ಉಸಿರಿನ ಯಂತ್ರಕ್ಕೂ ಬರಬೇಕು ಅನ್ನುವುದು ನನ್ನ ವಾದ.

ಇನ್ನು "ತಾಯಿ ಕಡೆಯಿಂದ ಬಂದದ್ದು" ಅನ್ನುವ ಚುಚ್ಚುಮಾತು. ಸುಮಾರು ಮೂರರಲ್ಲಿ ಒಂದು ಮನೆಯಲ್ಲಿ ತಾಯಿಯಲ್ಲಿ ಆ ದೋಷ ಇರುವುದೇ ಇಲ್ಲ, ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ. ಇದ್ದರೂ ಅದು ಅವಳು ಮಾಡಿದ ತಪ್ಪೇನು? ಬಾಯಿ ಮಾಡುವ ಬದಲು ಅಪ್ಪನೂ ಚಿಕ್ಕಪ್ಪನೂ ಮಾಸ್ಕ್ ಕಟ್ಟುವುದನ್ನು ಕಲಿಯಲಿ. ವಾರದಲ್ಲಿ ಎರಡು ರಾತ್ರಿಯಾದರೂ ಆ ತಾಯಿ ಪಕ್ಕದ ಕೋಣೆಯಲ್ಲಿ ಮಲಗಲಿ.