ಸಣ್ಣ ಉದ್ದಿಮೆಗೆ ಬದಲಾಗುವ ಗುಣವೇ ಬಂಡವಾಳ

ಮಳೆ ಕೈಕೊಟ್ಟರೆ ಗದಗ ಸೀಮೆಯ ಬೆಳವಣಕಿಯಂಥ ಊರುಗಳಲ್ಲಿ ರೈತನ ಜೊತೆ ಅಂಗಡಿ, ಮಗ್ಗ, ಗಿರಣಿಗಳೂ ಸೊರಗುತ್ತವೆ. ಇಲ್ಲಿನ ಸಣ್ಣ ಉದ್ದಿಮೆಗೆ ದೂರದ ಯೋಜನೆಗಿಂತ ಬೇಗ ಬದಲಾಗುವ ಶಕ್ತಿ ಮುಖ್ಯ. ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆ ಇದಕ್ಕೆ ಸಾಕ್ಷಿ. ಹಳ್ಳಿಯ ಗಿರಾಕಿ ಕಡಿಮೆಯಾಗಿ ಮರೆಯಾಗುತ್ತಿದ್ದ ಈ ಹತ್ತಿ ಸೀರೆ ನಗರದ ಗಿರಾಕಿಗಳನ್ನು ಕಂಡುಕೊಂಡು ಮತ್ತೆ ಮಗ್ಗವೇರಿತು. ನೇಯ್ಗೆ ಉಳಿಯಿತು, ಮಾರುಕಟ್ಟೆ ಬದಲಾಯಿತು.

ವಿದ್ಯುತ್ ಮಗ್ಗದ ಅಗ್ಗದ ಬಟ್ಟೆಯೆದುರು ಇದು ನಿಂತೀತೇ ಎಂಬ ಆಕ್ಷೇಪವಿದೆ. ಬೆಲೆಯಲ್ಲಿ ಸೆಣಸಿದರೆ ಖಂಡಿತ ನಿಲ್ಲದು. ಆದರೆ ಒಂದು ಹಾಸಿನಷ್ಟೇ ನೇಯ್ದು, ಬೇಡಿಕೆ ನೋಡಿ ಬಣ್ಣ ಬದಲಿಸುವ ಅನುಕೂಲ ಕೈಮಗ್ಗಕ್ಕಿದೆ. ಪ್ರಯೋಗ ಸೋತಾಗಿನ ನಷ್ಟವನ್ನು ಮಾತ್ರ ಒಬ್ಬಂಟಿ ನೇಕಾರ ಹೊರಲಾರ. ಇದೇ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಹುಟ್ಟಿತು. ಒಬ್ಬರಿಗಾಗದ ಹೊರೆಯನ್ನು ಹಲವರು ಹಂಚಿಕೊಳ್ಳುವ ಆ ದಾರಿ ಇಂದಿಗೂ ಸಲ್ಲುತ್ತದೆ. ನಮ್ಮ ಸಹಕಾರ ಸಂಘಗಳು ಸಾಲದಲ್ಲಿ ಒಂದು ಪಾಲನ್ನು ಹೊಸ ಪ್ರಯೋಗಗಳಿಗೆ ಮೀಸಲಿಡಬೇಕು.